ಗುಳ್ಳೆ ನಿಲ್ಲುವವರೆಗೆ ಕಾದ ಯಶೋಧರಾ

ಬೆಳಗಿನ ಮಂಜು ಇನ್ನೂ ಕರಗಿಲ್ಲ. ತಿ. ನರಸೀಪುರದ ಖಾಸಗಿ ಜೂನಿಯರ್ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಶಾಲೆಯಲ್ಲಿ ಅಟೆಂಡರ್ ಯಶೋಧರಾ ಗೋಣಿತಾಟಿನ ಮೇಲೆ ಅಮೃತಶಿಲೆಯ ತುಂಡುಗಳನ್ನು ಕುಟ್ಟುತ್ತಿದ್ದಾರೆ. ಚೂರುಗಳು ಕಡಲೆಕಾಳಿನ ಗಾತ್ರಕ್ಕಿರಬೇಕು. ಪುಡಿಯಾದರೆ ಆಸಿಡ್ ಬಿದ್ದೊಡನೆ ಬುಸ್ಸೆಂದು ಉಕ್ಕಿ, ವಿದ್ಯಾರ್ಥಿಗಳು ಗಡಿಯಾರ ನೋಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಹೆಮ್ಮಿಗೆಯ ಯಶೋಧರಾ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಫೇಲಾದವರು. ತಾಯಿ ಮಂಚಮ್ಮನ ಜೊತೆ ನಾಟಿ, ಕಳೆ ಎಂದು ಕೂಲಿಗೆ ಹೋಗುತ್ತಿದ್ದವರು ತೊಂಬತ್ತೆಂಟರಲ್ಲಿ ಇಲ್ಲಿಗೆ ಬಂದರು. ಈಗ ಎರಡು ಸಾವಿರದ ನಾಲ್ಕು. ಕೆಲಸ ಇನ್ನೂ ಕಾಯಂ ಆಗಿಲ್ಲ. ಮೊದಲ ಬಸ್ಸಿಗೆ ಬಂದು ಗಾಜಿನ ಸಾಮಾನು ತೊಳೆದು, ಉಪನ್ಯಾಸಕಿ ಪವಿತ್ರ ಹೇಳಿದ ಅಳತೆಗೆ ಆಸಿಡ್ ಹದ ಮಾಡಿಡುತ್ತಾರೆ. ಸೀರೆಯ ಸೆರಗಿನಲ್ಲಿ ಸುಟ್ಟ ತೂತುಗಳಿವೆ.

ಕಲ್ಲಿನ ಚೂರಿಗೆ ಆಸಿಡ್ ಸುರಿದರೆ ಅನಿಲ ಹುಟ್ಟಿ, ರಬ್ಬರ್ ಕೊಳವೆಯಲ್ಲಿ ಹಾದು, ನೀರು ತುಂಬಿ ಬೋರಲು ಹಾಕಿದ ಅಳತೆಜಾಡಿಯನ್ನು ಸೇರುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಅದೆಷ್ಟಾಯಿತೆಂದು ನೋಡಿ ವಿದ್ಯಾರ್ಥಿಗಳು ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಡುತ್ತಾರೆ. ಚುಕ್ಕಿಗಳನ್ನು ಕೂಡಿಸಿದ ಗೆರೆ ಕಡಿದಾಗಿ ಏರಿದರೆ ಕ್ರಿಯೆ ಜೋರು. ಮೆಲ್ಲಗೆ ಏರಿದರೆ ನಿಧಾನ.

ಹೋದ ವರ್ಷದ ಚಳಿಗಾಲದಲ್ಲಿ ಈ ಗೆರೆಗಳೇ ಯಶೋಧರಾ ಅವರಿಗೆ ಮುಳುವಾದವು. ಆಸಿಡ್ ಒಂದೇ ಆದರೂ ಬೆಳಗಿನ ತಂಡದ ಗೆರೆಗಳು ಸೊರಗಿದ್ದವು, ಮಧ್ಯಾಹ್ನದವು ಚೆನ್ನಾಗಿ ಏರಿದ್ದವು. ಅಟೆಂಡರ್ ಆಸಿಡ್ ಮಾರಿಕೊಂಡು ಬೆಳಗಿನವರಿಗೆ ನೀರು ಬೆರೆಸುತ್ತಾಳೆ ಎಂಬ ಮಾತು ಕಾಲೇಜಿನ ಕಾರ್ಯದರ್ಶಿ ಶಿವಮಲ್ಲಪ್ಪನವರ ಕಿವಿಗೆ ಬಿತ್ತು. ಸೋಮವಾರದಿಂದ ಬರುವುದು ಬೇಡ ಎಂದುಬಿಟ್ಟರು.

ಚಳಿಯೇ ಕಾರಣವಿರಬಹುದು ಎಂದು ಪವಿತ್ರ ವಾದಿಸಿ, ಕಾರ್ಯದರ್ಶಿಯವರನ್ನೇ ಪ್ರಯೋಗಶಾಲೆಗೆ ಕರೆತಂದರು. ಒಂದೇ ಆಸಿಡ್ಡನ್ನು ಸಮನಾಗಿ ಎರಡು ಪಾತ್ರೆಗೆ ಹಾಕಿ, ಒಂದನ್ನು ತಣ್ಣೀರಿನಲ್ಲೂ ಇನ್ನೊಂದನ್ನು ಬೆಚ್ಚನೆಯ ನೀರಿನಲ್ಲೂ ಇಟ್ಟು ಕಲ್ಲು ಹಾಕಿದರು. ಬೆಚ್ಚನೆಯದರ ಗೆರೆ ಸರ್ರನೆ ಏರಿ ಮಟ್ಟಸವಾಯಿತು. ತಣ್ಣನೆಯದು ತೆವಳುತ್ತಲೇ ಇತ್ತು. ತರಗತಿ ಮುಗಿದ ಬೆಲ್ ಹೊಡೆಯಿತು. ಯಾವಾಗಲೂ ಪ್ರಯೋಗ ಅಲ್ಲಿಗೆ ಮುಗಿಯುತ್ತಿತ್ತು.

"ಗುಳ್ಳೆ ನಿಲ್ಲೋಗಂಟ ಕಾಯಾಣ ಮೇಡಮ್ಮೋರೇ," ಎಂದರು ಯಶೋಧರಾ. "ಅದು ಎಲ್ಲೀಗಂಟ ಓಯ್ತದೋ ನಾನೂ ನೋಡ್ಬೇಕು."

ಎಲ್ಲರೂ ಕಾದರು. ತಣ್ಣನೆಯ ಗೆರೆ ನಿಧಾನವಾಗಿ ಹತ್ತಿ, ಬೆಚ್ಚನೆಯದು ನಿಂತಿದ್ದ ಎತ್ತರಕ್ಕೇ ಬಂದು ನಿಂತಿತು. ಆಮೇಲೆ ಪವಿತ್ರ ಬೇಕೆಂದೇ ಅರ್ಧಕ್ಕರ್ಧ ನೀರು ಬೆರೆಸಿದ ಆಸಿಡ್ಡನ್ನು ಅಷ್ಟೇ ಅಳತೆಯಲ್ಲಿ ಹಾಕಿ ತೋರಿಸಿದರು. ಅದರ ಗೆರೆ ಎಷ್ಟು ಕಾದರೂ ಅರ್ಧಕ್ಕಿಂತ ಮೇಲೆ ಏರಲಿಲ್ಲ. ಚಳಿ ವೇಗವನ್ನಷ್ಟೇ ತಗ್ಗಿಸುತ್ತದೆ, ನೀರು ಬೆರೆಸಿದರೆ ಸಿಗುವ ಅನಿಲವೇ ಕಡಿಮೆಯಾಗುತ್ತದೆ ಎಂದು ವಿವರಿಸಿದರು.

ಶಿವಮಲ್ಲಪ್ಪ ಹಾಳೆಯನ್ನು ಬಹಳ ಹೊತ್ತು ನೋಡಿದರು. "ನಾನು ದುಡುಕ್ಬಿಟ್ಟೆ ಕಣಮ್ಮ. ಸೋಮವಾರ ಬಾ," ಎಂದರು.

ಆ ದಿನವನ್ನು ನೆನೆದರೆ ಯಶೋಧರಾ ಅವರ ಮುಖ ಅರಳುತ್ತದೆ. "ಕೆಲ್ಸ ಉಳ್ಕತು, ಸಂತೋಸ. ಆದ್ರೆ ಎಲ್ಡು ಗೆರೆ ಬಂದು ಒಂದೇ ಎತ್ತರದಲ್ಲಿ ನಿಂತ್ವಲ್ಲಾ ಸಾ, ಆಗ ಮೈ ಜುಮ್ಮಂತು."

ಈಗ ಉಳಿದ ಗ್ರಾಫ್ ಹಾಳೆಗಳಲ್ಲಿ ಅವರೂ ಚುಕ್ಕಿ ಇಡುತ್ತಾರೆ. ಮುಂದೇನು ಆಸೆ ಎಂದು ಕೇಳಿದರೆ ಕಾಯಂ ಕೆಲಸದ ಮಾತೆತ್ತುವುದಿಲ್ಲ.

"ಚಳೀಲಿ ನಮ್ಮವ್ವ ಎಪ್ಪು ಆಕಿದ್ ಹಾಲು ಬೆಳಗಾದ್ರೂ ಮೊಸರಾಗಕಿಲ್ಲ. ಅದ್ರ ಗೆರೆ ಎಳೀಬೇಕು ಸಾ. ಹುಳಿ ಎಷ್ಟಾಯ್ತು ಅಂತ ಅಳೆಯೋದು ಎಂಗೆ ಅನ್ನೋದೊಂದೇ ಗೊತ್ತಾಗಿಲ್ಲ."