ಫ್ಯೂಸಣ್ಣ ಮೇಷ್ಟ್ರಾಗಲು ಹೊರಟಿದ್ದು

ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಆ ಮನುಷ್ಯನಿಗೆ ಬೀದಿಯವರು ಫ್ಯೂಸಣ್ಣ ಎಂದು ಹೆಸರಿಟ್ಟಿದ್ದರು. ಕೆಲಸ ನೋಡಿ ಇಟ್ಟ ಹೆಸರೆಂದು ಅವನು ತಿಳಿದಿದ್ದ. ಸ್ವಭಾವ ನೋಡಿ ಇಟ್ಟಿದ್ದರು. ಹಾಗೆಂದು ಅವನಿಗೆ ಹೇಳುವ ಗಂಡಸು ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಅವನ ಮದುವೆಯ ಮಾತುಕತೆ ಎರಡು ಸಲ ನಡೆದು, ಎರಡು ಸಲವೂ ಹೆಣ್ಣಿನ ಮನೆಯ ಫ್ಯಾನು ಕಿರುಗುಟ್ಟಿದ್ದಕ್ಕೆ ಅವನು ರೇಗಿ ಮುರಿದುಬಿದ್ದಿತ್ತು. ಈಗ ಆಸ್ಪತ್ರೆಯಲ್ಲಿ ನರ್ಸಾಗಿದ್ದ ತಂಗಿ, ಅವಳ ಮಗಳು ಪುಟ್ಟಿ ಅವನ ಮನೆಯ ಮಹಡಿಯ ಮೇಲಿದ್ದರು.

ಪುಟ್ಟಿಗೆ ಆರು ತುಂಬಲು ಎರಡು ತಿಂಗಳಿತ್ತು. ಕಣ್ಣಿಗೆ ಬಿದ್ದದ್ದನ್ನೆಲ್ಲ ಅಕ್ಷರ ಕೂಡಿಸಿ ಕೂಡಿಸಿ ಓದುವ ಚಟ. ಔಷಧಿ ಬಾಟಲಿಯ ಮೇಲೆ ‘ಬಳಸುವ ಮುನ್ನ ಅಲುಗಾಡಿಸಿ’ ಎಂದು ಓದಿದ ಮೇಲೆ ಒಂದು ವಾರ ಆ ಮನೆಯಲ್ಲಿ ಬಾಚಣಿಗೆಯನ್ನೂ ಅಲುಗಾಡಿಸದೆ ಬಳಸುವಂತಿರಲಿಲ್ಲ. ಆದರೂ ಶಾಲೆಯವರು ವಯಸ್ಸು ಸಾಲದು ಎಂದರು. ಮುಂದಿನ ವರ್ಷ ಬನ್ನಿ, ಅಲ್ಲಿಯವರೆಗೆ ಮನೆಯಲ್ಲೇ ಯಾರಾದರೂ ಕಲಿಸುವುದಾದರೆ ಈ ಫಾರಂ ತುಂಬಿಕೊಡಿ, ಪರೀಕ್ಷೆ ಮಾಡಿ ನೇರ ಎರಡನೇ ತರಗತಿಗೆ ಕೂರಿಸುತ್ತೇವೆ ಎಂದರು.

“ನಾನು ಕಲಿಸ್ತೀನಿ” ಎಂದ ಫ್ಯೂಸಣ್ಣ.

ತಂಗಿ ಮಡಚುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. “ನೀನಾ? ಅಣ್ಣ, ಮೊನ್ನೆ ನೀನು ಬೈದಿದ್ದಕ್ಕೆ ಪೋಸ್ಟ್‌ಮ್ಯಾನ್ ಸೈಕಲ್ ಇಲ್ಲೇ ಬಿಟ್ಟು ಓಡಿಹೋದ.”

“ಎರಡು ಸಲ ಬಾಗಿಲು ತಟ್ಟಿದ.”

“ಇವಳು ಇನ್ನೂರು ಸಲ ತಟ್ತಾಳೆ. ಒಂದು ಕೆಲಸ ಮಾಡು. ಭಾನುವಾರ ನಾನು ಮನೇಲಿರೋವಾಗ ಒಂದು ಗಂಟೆ ಪಾಠ ಮಾಡಿ ತೋರಿಸು. ಒಂದೇ ಒಂದು ಸಲ ದನಿ ಏರಿಸಿದ್ಯೋ, ಸೋಮವಾರದಿಂದ ಇವಳು ಆಸ್ಪತ್ರೆ ಶಿಶುವಿಹಾರಕ್ಕೆ.”

“ಅಲ್ಲಿ ಮಧ್ಯಾಹ್ನ ಮಲಗಿಸ್ತಾರೆ!” ಎಂದು ಪುಟ್ಟಿ ಚೀರಿದಳು. ಅವಳಿಗೆ ಅದು ಜೈಲಿನ ಸಮ. “ಮಾವ, ನೀನು ಕೂಗ್ಬೇಡ ಮಾವ.”

“ಸಿಟ್ಟು ಬಂದ್ರೆ ಹತ್ತರವರೆಗೆ ಎಣಿಸು” ಎಂದಳು ತಂಗಿ.

“ಎಣಿಸೋವಾಗ ಮಾತಾಡಿಸಿದ್ರೇನೇ ಕಣೇ ನಂಗೆ ಸಿಟ್ಟು ಬರೋದು.”

ಸುಳ್ಳಲ್ಲ. ತಂತಿಯ ಸುತ್ತು ಲೆಕ್ಕ ತಪ್ಪಿದರೆ ಪೂರ್ತಿ ಬಿಚ್ಚಿ ಮತ್ತೆ ಒಂದರಿಂದ ಶುರು. ಅರವತ್ತನೆಯ ಸುತ್ತಿನಲ್ಲಿ ‘ಹೇಗಿದ್ದೀರಿ’ ಎಂದು ಕೇಳಿದವನನ್ನು ಯಾವ ಮನುಷ್ಯ ತಾನೇ ಕ್ಷಮಿಸುತ್ತಾನೆ?

ತಯಾರಿ ಶುರುವಾಯಿತು. ತಗಡಿಗೆ ಕಪ್ಪು ಬಣ್ಣ ಬಳಿದು ಹಲಗೆ ಮಾಡಿದ. ಕೆಲಸ ಮಾಡುತ್ತಲೇ ಕಾಗುಣಿತ ಬಾಯಿಪಾಠ ಮಾಡಿದ: ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ. ಆ ವಾರ ಅವನ ಅಂಗಡಿಯಿಂದ ಹೋದ ಒಂದು ಪಂಪು ಹಿಂದುಮುಂದಾಗಿ ತಿರುಗಿತು. ಕೊಂಬು, ಕೊಂಬಿನ ದೀರ್ಘ ಎಲ್ಲ ದಾಟಿ ವಟ್ರಸುಳಿಗೆ ಬಂದವನು ಅಲ್ಲೇ ನಿಂತ.

ಅವನು ಶಾಲೆ ಬಿಟ್ಟಿದ್ದೂ ಅಲ್ಲೇ. ನಾಲ್ಕನೇ ತರಗತಿಯಲ್ಲಿ ‘ಕೃಷಿ’ಯನ್ನು ‘ಕ್ರುಷಿ’ ಎಂದು ಬರೆದಿದ್ದ. ಮೇಷ್ಟ್ರು ತಪ್ಪು ಎಂದರು. ಯಾಕೆ ಎಂದು ಕೇಳಿದ. ಅವರು ಬೆತ್ತದಿಂದ ಉತ್ತರ ಕೊಟ್ಟರು. ಬೆತ್ತ ಕಿತ್ತುಕೊಂಡು ಮುರಿದು, ಎರಡು ತುಂಡನ್ನೂ ಮೇಜಿನ ಮೇಲೆ ನೀಟಾಗಿ ಜೋಡಿಸಿಟ್ಟು ಮನೆಗೆ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಪುಟ್ಟಿಯೂ ಇದನ್ನೇ ಕೇಳುತ್ತಾಳೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಶನಿವಾರ ಪಕ್ಕದ ಪ್ರೆಸ್ಸಿಗೆ ಹೋದ. ಅಲ್ಲಿ ಅಚ್ಚಿಗೆ ಹೋಗುವ ಮೊದಲು ತಪ್ಪು ತಿದ್ದುವ ಒಬ್ಬ ಮುದುಕರಿದ್ದರು.

“ಕೃ ಅಂದ್ರೆ ಕಕಾರಕ್ಕೆ ಋ ಸ್ವರ ಸೇರಿದ್ದು. ಕ್ರು ಅಂದ್ರೆ ರ ಒತ್ತು, ಮೇಲೆ ಕೊಂಬು. ಬೇರೆ ಬೇರೆ ಕಣಯ್ಯ” ಎಂದರು ಮುದುಕರು.

“ಬಾಯಲ್ಲಿ ಹೇಳಿ ತೋರಿಸಿ.”

“ಕೃ.”

“ಇನ್ನೊಂದು?”

“ಕ್ರು.”

“ಎರಡೂ ಒಂದೇ ಆಯ್ತಲ್ರೀ!” ಫ್ಯೂಸಣ್ಣ ಮೇಜು ಗುದ್ದಿದ.

ಮುದುಕರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನಲವತ್ತು ವರ್ಷದಿಂದ ತಿದ್ತಾ ಇದ್ದೀನಿ. ಬರೆಯೋಕೆ ಬರುತ್ತೆ, ಹೇಳೋಕೆ ನಂಗೂ ಬರಲ್ಲ. ಮಾಲೀಕರಿಗೆ ಹೇಳ್ಬೇಡ.”

ಭಾನುವಾರ ಹತ್ತು ಗಂಟೆಗೆ ಪಾಠ. ತಂಗಿ ಒಳಗಿನ ಕೋಣೆಯಲ್ಲಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತ, ಕಿವಿಯನ್ನು ಹೊರಗೆ ಕಳಿಸಿದ್ದಳು. ಮುಕ್ಕಾಲು ಗಂಟೆ ಎಲ್ಲ ಸುಸೂತ್ರ. ಆಮೇಲೆ ಫ್ಯೂಸಣ್ಣ ಎದೆ ಗಟ್ಟಿ ಮಾಡಿಕೊಂಡು ‘ಕೃ’ ಬರೆದ. ಪುಟ್ಟಿ ತಲೆ ಓರೆ ಮಾಡಿದಳು.

“ಇದನ್ನ ಕ್ರು ಅಂತ ಬರೆದ್ರೆ ಏನಾಗುತ್ತೆ?”

ಮುದುಕರು ಹೇಳಿದ್ದನ್ನು ಚಾಚೂ ತಪ್ಪದೆ ಒಪ್ಪಿಸಿದ.

“ಹಾಗಾದ್ರೆ ಹೇಳಿ ತೋರಿಸು.”

“ಕೃ. ಕ್ರು.”

“ಒಂದೇ ಇದೆ. ಇನ್ನೊಂದ್ಸಲ ಹೇಳು.”

ಹೇಳಿದ. ಹನ್ನೊಂದು ಸಲ ಹೇಳಿಸಿದಳು. ಅವನ ಕಿವಿ ಕೆಂಪಾಯಿತು, ಕತ್ತಿನ ನರ ಎದ್ದು ನಿಂತಿತು, ಕೈಯಲ್ಲಿದ್ದ ಸೀಮೆಸುಣ್ಣ ಪುಡಿಯಾಯಿತು. ಒಳಗೆ ಇಸ್ತ್ರಿಯ ಸದ್ದು ನಿಂತಿತು. ತಪ್ಪು ಅಂದರೆ ತಪ್ಪು, ಬಾಯಿ ಮುಚ್ಕೊಂಡು ಬರಿ ಎಂಬ ಮಾತು ಗಂಟಲವರೆಗೆ ಬಂದೇಬಿಟ್ಟಿತ್ತು. ಅದು ತನ್ನ ಮಾತಲ್ಲ, ಆ ಮೇಷ್ಟ್ರ ಮಾತು ಎಂದು ಅವನಿಗೆ ಆಗ ಹೊಳೆಯಿತು. ನುಂಗಿದ. ಸಲೀಸಾಗಿ ಇಳಿಯುವ ವಸ್ತುವಲ್ಲ ಅದು.

“ಗೊತ್ತಿಲ್ಲ ಪುಟ್ಟಿ” ಎಂದ. “ನಂಗೂ ಒಂದೇ ಥರ ಕೇಳ್ಸುತ್ತೆ.”

“ಗೊತ್ತಿಲ್ದೇ ಏನ್ ಕಲಿಸ್ತೀಯಾ ನೀನು!” ಪುಟ್ಟಿ ಕಿರುಚಿದ ರಭಸಕ್ಕೆ ಕಿಟಕಿಯ ಮೇಲಿದ್ದ ಪಾರಿವಾಳ ಹಾರಿಹೋಯಿತು.

ತಂಗಿ ಹೊರಗೆ ಬಂದಳು. “ಯಾರು ಕೂಗಿದ್ದು?”

ಫ್ಯೂಸಣ್ಣ ತಗಡಿನ ಕಡೆ ನೋಡಿದ. ಪುಟ್ಟಿ ಮೆಲ್ಲಗೆ ಕೈ ಎತ್ತಿದಳು.

ತಂಗಿ ಇಬ್ಬರನ್ನೂ ನೋಡಿ, ಕಪಾಟಿನಿಂದ ಫಾರಂ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದಳು. “ಕಲಿಸುವವರ ವಿದ್ಯಾರ್ಹತೆ ಅಂತ ಕೇಳಿದ್ದಾರೆ.”

“ನಾಲ್ಕನೇ ತರಗತಿ.”

“ಪಾಸಾ, ಫೇಲಾ?”

“ಎರಡೂ ಅಲ್ಲ. ಮಧ್ಯದಲ್ಲಿ ಎದ್ದು ಬಂದೆ.”

ತಂಗಿ ಏನೋ ಬರೆದಳು. ಅದನ್ನು ಪುಟ್ಟಿ ಬಗ್ಗಿ, ಬೆರಳಿಟ್ಟು, ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದಳು: “ನಾಲ್ಕನೇ ತರಗತಿ. ಇನ್ನೂ ಓದುತ್ತಿದ್ದಾರೆ.”