ಗಾಳಿಗೆ ಕಟ್ಟಿದ ಕುಂಬಳಕಾಯಿ

ಭಾಲ್ಕಿಯಲ್ಲಿ ಅಕ್ಕನ ಹೊಸ ಮನೆಯ ತಗಡಿನ ಪತ್ರಾ ಚಾವಣಿ ಬಿರುಗಾಳಿಗೆ ನಮ್ಮ ಕಣ್ಣೆದುರೇ ಎದ್ದು ಪಕ್ಕದ ತೊಗರಿ ಹೊಲಕ್ಕೆ ಹಾರಿತು. ಪತ್ರಾ ಹಾರದಿರಲೆಂದು ಮೇಲಿಟ್ಟಿದ್ದ ಕಲ್ಲೊಂದು ಅವಳ ಮೊಮ್ಮಗಳ ತೊಟ್ಟಿಲ ಪಕ್ಕದಲ್ಲೇ ಬಿತ್ತು. ಅಕ್ಕ ಮೊದಲು ಚೀರಿದಳೋ, ಮಗು ಮೊದಲು ಅತ್ತಿತೋ, ನಾವಿಬ್ಬರೂ ದಿನಕ್ಕೊಂದು ಥರ ಹೇಳುತ್ತೇವೆ. ಕಲ್ಲು ಬಿದ್ದದ್ದು ಮಾತ್ರ ನಿಜ.

ಬಿರುಗಾಳಿ ನಿಂತ ಮೇಲೆ ಮನೆ ಕಟ್ಟಿಕೊಟ್ಟ ಗುತ್ತೇದಾರ ಬಂದ. ಅಕ್ಕ ಮಗುವನ್ನು ಅವಚಿಕೊಂಡೇ ಕೇಳಿದಳು: "ಮನಿ ಗಾಳಿ ತಡೀಬೇಕಂತ ಹೊಸ ನಿಯಮ ಬಂದದ, ಎಲ್ಲಾ ಮಾಡೀನಿ ಅಂದಿದ್ದೆಲ್ಲೋ ತಮ್ಮಾ?"

ಆತ ನೊಂದುಕೊಂಡು ಬಾಗಿಲ ಮೇಲಿನ ಬೂದುಗುಂಬಳಕಾಯಿ ತೋರಿಸಿದ. "ಮಾಡೀನಲ್ರಿ ಅಕ್ಕಾ! ಯಾವ ಗಾಳಿನೂ ಒಳಗ ಬರಬಾರ್ದಂತ ಡಬಲ್ ತಂತಿ ಸುತ್ತಿ ಬಿಗಿದೀನಿ ನೋಡ್ರಿ."

ನಿಯಮ ಹೇಳಿದ್ದು ಬೀಸುವ ಗಾಳಿ. ಇವನು ತಡೆದದ್ದು ಮೈಮೇಲೆ ಬರುವ ಗಾಳಿ. ಕೆಲಸದಲ್ಲಿ ದೋಷ ಹುಡುಕುವಂತಿರಲಿಲ್ಲ. ಕಾಯಿ ಅಲುಗಿರಲಿಲ್ಲ, ದೆವ್ವ ಒಂದೂ ಬಂದಿರಲಿಲ್ಲ.

ಪತ್ರಾಕ್ಕೆ ಈಗ ಬೋಲ್ಟ್ ಬಿದ್ದಿವೆ. ಆದರೂ ಗಾಳಿ ಎದ್ದರೆ ಅಕ್ಕ ಮಗುವನ್ನೆತ್ತಿಕೊಂಡು ಕುಂಬಳಕಾಯಿಯ ಕೆಳಗೇ ಹೋಗಿ ಕೂರುತ್ತಾಳೆ. ಇಡೀ ಮನೆಯಲ್ಲಿ ಪರೀಕ್ಷೆ ಪಾಸಾದದ್ದು ಅದೊಂದೇ.