ಏಟು ತಿನ್ನದ ಚಾಂಪಿಯನ್

ನಮ್ಮಪ್ಪ ಕುಣಿಗಲ್‌ನ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು, ರಿಟೈರ್ ಆದ ಮೇಲೆ ಗುಬ್ಬಿಗೆ ಬಂದು ನೆಲೆಸಿದವರು. ಮಕ್ಕಳಿಗೆ ಕಬಡ್ಡಿ, ಖೋಖೋ ಕಲಿಸಿದ್ದರೇ ಹೊರತು ಬಾಕ್ಸಿಂಗ್ ಗ್ಲೌಸನ್ನು ಮುಟ್ಟಿಯೂ ನೋಡಿದವರಲ್ಲ. ಆದರೂ ಅವರ ಬೀರುವಿನ ಬಾಗಿಲ ಒಳಗಡೆ, ದೇವರ ಪಟದ ಪಕ್ಕದಲ್ಲೇ, ಒಬ್ಬ ಹೆವಿವೇಯ್ಟ್ ಚಾಂಪಿಯನ್ನನ ಚಿತ್ರ ಅಂಟಿಸಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾವುದೋ ಇಂಗ್ಲಿಷ್ ವಾರಪತ್ರಿಕೆಯಿಂದ ಕತ್ತರಿಸಿಕೊಂಡದ್ದಂತೆ.

"ಇಂಥೋನು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟಲ್ಲ. ಮೈಮೇಲೆ ಒಂದೇಟು ಬೀಳಿಸ್ಕೊಂಡೋನಲ್ಲ" ಎನ್ನುತ್ತಿದ್ದರು. ಅವನ ಒಂದು ಪಂದ್ಯವನ್ನೂ ಅವರು ನೋಡಿರಲಿಲ್ಲ ಎನ್ನುವುದು ಬೇರೆ ಮಾತು.

ತೊಂಬತ್ತರ ದಶಕದಲ್ಲಿ ನನ್ನ ಮದುವೆಯಾಯಿತು. ಗಂಡನಿಗೆ ಗುಬ್ಬಿಗೆ ಹತ್ತಿರದ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ಕೆಲಸ, ಅಲ್ಲೇ ಬಟವಾಡಿಯಲ್ಲಿ ಬಾಡಿಗೆ ಮನೆ. ಅಳಿಯ ಮೊದಲ ಸಲ ಗುಬ್ಬಿಗೆ ಊಟಕ್ಕೆ ಬಂದಾಗ, ಎಲೆ ಹಾಕುವ ಮುಂಚೆಯೇ ಅಪ್ಪ ಬೀರು ತೆಗೆದು ತೋರಿಸಿದರು. ಎಲೆಗೆ ಹೋಳಿಗೆ ಬಂದಾಗ ನಮ್ಮವರು ಬಾಯಿಬಿಟ್ಟರು.

"ಆ ಕಾಲಕ್ಕೆ ಸರಿ ಮಾವ. ಈಗಿನ ಚಾಂಪಿಯನ್ ಮುಂದೆ ಒಂದ್ನಿಮಿಷ ನಿಲ್ಲಲ್ಲ."

ತುಪ್ಪ ಬಡಿಸುತ್ತಿದ್ದ ಅಪ್ಪನ ಕೈ ಅಲ್ಲೇ ನಿಂತಿತು. "ಗೂಳಿ ಥರ ನುಗ್ಗೋದು ಬಾಕ್ಸಿಂಗ್ ಅಲ್ಲ ಅಳಿಯಂದ್ರೇ."

"ಮೊದ್ಲು ತುಪ್ಪ ಹಾಕ್ರೀ. ಗುದ್ದಾಟ ಆಮೇಲಿರ್ಲಿ" ಎಂದಳು ಅಮ್ಮ.

ಅಂದಿನಿಂದ ಇಬ್ಬರೂ ಸೇರಿದಲ್ಲೆಲ್ಲ ಇದೇ ಮಾತು. ಒಂದು ದಿನ ನಮ್ಮವರ ಚಾಂಪಿಯನ್ ಹೆಸರೇ ಕೇಳದ ಯಾರೋ ಒಬ್ಬನಿಂದ ಹೊಡೆತ ತಿಂದು ಸೋತ ಸುದ್ದಿ ಪೇಪರಿನಲ್ಲಿ ಬಂತು. ಬೆಳಿಗ್ಗೆ ತಿಂಡಿ ಹೊತ್ತಿಗೆಲ್ಲ ಅಪ್ಪ ಗುಬ್ಬಿ ಬಸ್ಸಿನಲ್ಲಿ ಬಂದಿಳಿದರು. ನೆಪಕ್ಕೆ ಒಂದು ಚೀಲ ಅವರೆಕಾಯಿ. ಕಿಟಕಿಯಿಂದ ಕಂಡ ನಮ್ಮವರು ಟವೆಲ್ ತಗೊಂಡು ಬಚ್ಚಲು ಸೇರಿದರು.

"ನಿಧಾನಕ್ಕೆ ಸ್ನಾನ ಮಾಡ್ಲಿ ಕಣಮ್ಮ, ನಂಗೇನೂ ಅರ್ಜೆಂಟಿಲ್ಲ" ಎಂದು ಅಪ್ಪ ಬಚ್ಚಲಿಗೆ ಕೇಳುವಂತೆ ಹೇಳಿ ಕೂತರು. ಅಳಿಯ ತಲೆ ಒರೆಸಿಕೊಳ್ಳುತ್ತಾ ಹೊರಬಂದ ಕೂಡಲೇ, "ನಿಮ್ಮೋನು ಮಲ್ಕೊಂಡ್ಬಿಟ್ನಂತೆ? ಚಾಪೆ ಗೀಪೆ ಹಾಸಿದ್ರಾ, ಇಲ್ಲ ಬರೀ ನೆಲದ ಮೇಲೇನಾ?"

ಕೆಲವು ವರ್ಷಗಳಾದ ಮೇಲೆ ನಮ್ಮ ಮನೆಗೆ ಕೇಬಲ್ ಬಂತು. ಒಂದು ಭಾನುವಾರ ಮಧ್ಯಾಹ್ನ ಅಪ್ಪನ ಚಾಂಪಿಯನ್ನನ ಹಳೇ ಪಂದ್ಯ ತೋರಿಸುತ್ತಾರೆಂದು ತಿಳಿದು ಗುಬ್ಬಿಗೆ ಫೋನ್ ಮಾಡಿದೆ. ಅಪ್ಪ ಇಸ್ತ್ರಿ ಶರ್ಟ್ ಹಾಕಿಕೊಂಡು ಬಂದು, ಹೆಣ್ಣು ನೋಡಲು ಬಂದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತರು.

ಪಂದ್ಯ ಶುರುವಾಯಿತು. ಚಾಂಪಿಯನ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಏಟು ತಿನ್ನುತ್ತಲೇ ಇದ್ದ. ಒಂದು ರೌಂಡಲ್ಲ, ರೌಂಡಿನ ಮೇಲೆ ರೌಂಡು. ಹೊಡೆತ ಹೆಚ್ಚಾದರೆ ಎದುರಾಳಿಯನ್ನೇ ತಬ್ಬಿಕೊಳ್ಳುತ್ತಿದ್ದ.

"ಇದೇನಮ್ಮ, ನೆಂಟ್ರನ್ನ ಕಂಡಂಗೆ ಅಪ್ಕೊತಾನೆ?" ಅಪ್ಪನ ಮುಖ ಸಣ್ಣದಾಯಿತು.

ನಮ್ಮವರು ರೇಗಿಸುತ್ತಾರೆಂದು ನಾನು ಕಾದೆ. ಅವರು ಟೀವಿಯ ಹತ್ತಿರಕ್ಕೇ ಸರಿದಿದ್ದರು. "ಸುಮ್ನಿರಿ ಮಾವ, ಎದುರಿನೋನು ಸುಸ್ತಾಗ್ಲಿ ಅಂತ ಕಾಯ್ತಿದಾನೆ. ನೋಡಿ, ನೋಡಿ... ಹಾಕ್ದ!"

ಎದುರಾಳಿ ಬಿದ್ದಿದ್ದ. ನಮ್ಮವರು ಎದ್ದು ಚಪ್ಪಾಳೆ ತಟ್ಟಿದರು. "ಇಷ್ಟು ಏಟು ತಿಂದೂ ಗೆದ್ನಲ್ಲ ಮಾವ, ನೀವು ಹೇಳ್ತಿದ್ದಿದ್ದೇ ಸರಿ. ಇವ್ನೇ ದೊಡ್ಡೋನು."

ಅಪ್ಪ ಕಾಫಿ ಕುಡಿದು ಲೋಟ ಕೆಳಗಿಟ್ಟರು. ಗೆದ್ದದ್ದರ ಖುಷಿ ಅವರಲ್ಲಿ ಕಾಣಲಿಲ್ಲ. ಇಷ್ಟು ವರ್ಷ ಬೀರುವಿನಲ್ಲಿ ಒಂದೇಟೂ ತಿನ್ನದೆ ನಿಂತಿದ್ದವನು ಹೀಗೆ ಹೊಡೆಸಿಕೊಂಡದ್ದು ಕಂಡು ಅವರಿಗೆ ಸ್ವಂತ ಮಗನನ್ನು ಯಾರೋ ಬಡಿದಷ್ಟು ನೋವಾಗಿತ್ತು ಅಂತ ಕಾಣುತ್ತೆ.

ಮುಂದಿನ ಸಲ ನಾವು ಗುಬ್ಬಿಗೆ ಹೋದಾಗ ಮಾತು ತೆಗೆದವರು ನಮ್ಮವರೇ. ಅಪ್ಪ ತಲೆ ಅಲ್ಲಾಡಿಸಿದರು.

"ಚೆನ್ನಾಗ್ ಆಡ್ದ, ಇಲ್ಲ ಅನ್ನಲ್ಲ. ಆದ್ರೆ ನಮ್ಮಪ್ಪನ ಕಾಲದಲ್ಲಿ ಒಬ್ಬ ಇದ್ನಂತೆ ಅಳಿಯಂದ್ರೇ. ಅವ್ನ ಮುಂದೆ ಇವ್ನೇನೂ ಅಲ್ಲ."

"ಹೆಂಗ್ ಹೇಳ್ತೀರಿ ಮಾವ? ಇವ್ನ ಆಟ ನಾವು ಕಣ್ಣಾರೆ ನೋಡಿದೀವಿ!"

"ಅವ್ನದ್ದೂ ಟೀವೀಲಿ ಬರುತ್ತೇನೋ ಅಪ್ಪ" ಎಂದೆ ನಾನು.

"ಬರೋದು ಬೇಡ ಬುಡು" ಎಂದರು ಅಪ್ಪ.